ಯಾರೂ ಕೇಳದ ನಕ್ಷತ್ರ

ನಮ್ಮ ಬಂಧುಬಳಗದಲ್ಲಿ ಈಗ ನಾನು ನಕ್ಷತ್ರದ ಫೋಟೋ ತೆಗೆಯುವವನು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯಲ್ಲಿ ಲೋಹದ ಬಿಡಿಭಾಗಗಳನ್ನು ಅಳೆದು ನೋಡಿ, ಸರಿ ಇದ್ದದ್ದನ್ನು ಒಳಗೆ, ಸರಿ ಇಲ್ಲದ್ದನ್ನು ಹೊರಗೆ ಹಾಕುತ್ತ ಬಂದಿದ್ದೇನೆ. ಅದರ ಬಗ್ಗೆ ಯಾರೂ ಒಂದು ಮಾತು ಕೇಳುವುದಿಲ್ಲ. ಮದುವೆಯ ಊಟಕ್ಕೆ ಕೂತರೆ ಪಕ್ಕದವರು ಎಲೆಗೆ ನೀರು ಚಿಮುಕಿಸುವ ಮೊದಲೇ ಶುರು ಹಚ್ಚಿಕೊಳ್ಳುತ್ತಾರೆ. "ನಮ್ಮ ಮೊಮ್ಮಗಂದು ಅಶ್ವಿನಿ ಐತ್ರಿ. ಒಂದ್ ಫೋಟೋ ಮಾಡಿ ಕೊಡ್ರಲಾ. ನಿಮಗೇನ್, ಒಂದ್ ಕ್ಲಿಕ್."

ಆ ಒಂದು ಕ್ಲಿಕ್ ಅನ್ನುವ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆಕಾಶದ ಮಸುಕು ವಸ್ತು ಒಂದು ಕ್ಲಿಕ್ಕಿಗೆ ಸಿಗುವುದಿಲ್ಲ. ಭೂಮಿ ತಿರುಗುತ್ತದೆ, ಆದ್ದರಿಂದ ಕ್ಯಾಮೆರಾವನ್ನೂ ಅದಕ್ಕೆ ಸರಿಯಾಗಿ ತಿರುಗಿಸುವ ಯಂತ್ರ ಬೇಕು. ಆ ಯಂತ್ರವನ್ನು ಧ್ರುವ ನಕ್ಷತ್ರಕ್ಕೆ ನೇರ ಮಾಡಬೇಕು. ನಮ್ಮ ಹೈದರಾಬಾದಿನಲ್ಲಿ ಧ್ರುವ ಎಷ್ಟು ತಗ್ಗಿನಲ್ಲಿದೆಯೆಂದರೆ ಎದುರಿನ ಬಿಲ್ಡಿಂಗಿನ ನೀರಿನ ಟ್ಯಾಂಕಿನ ಪಕ್ಕದಲ್ಲಿ ಅದನ್ನು ಹುಡುಕಬೇಕು. ಆಮೇಲೆ ಒಂದೇ ಜಾಗವನ್ನು ನೂರಾರು ಸಲ ತೆಗೆದು, ಅಷ್ಟನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿದರೆ ಏನೋ ಒಂದಿಷ್ಟು ಕಾಣುತ್ತದೆ. ಸೊಂಟ ಹಿಡಿದುಕೊಳ್ಳುತ್ತದೆ, ಮರುದಿನ ಕಾರ್ಖಾನೆಯಲ್ಲಿ ಕಣ್ಣು ಎಳೆಯುತ್ತದೆ. ಇಷ್ಟಾದ ಮೇಲೂ ನಮ್ಮ ಸೋದರತ್ತೆಯಂಥವರು ಬಿಡುತ್ತಾರೆಯೇ? ಅವಳದು ಚಿತ್ತಾ ನಕ್ಷತ್ರ. ಆಕಾಶದಲ್ಲಿ ಅದು ಒಂಟಿ ಚುಕ್ಕಿ, ನಾನೇನು ಮಾಡಲಿ? "ಇಷ್ಟ ಐತೇನೋ ನಂದು? ನಿನ್ನ ಮಗಳ ಕೃತ್ತಿಕಾ ನೋಡು, ಎಷ್ಟ ಛಂದ ಮಾಡೀದಿ" ಎಂದು ಮುಖ ಗಂಟಿಕ್ಕಿದಳು. ನನ್ನ ಮಗಳು ಎಂದು ಅವಳಿಗೆ ಹೆಚ್ಚಿನ ಚುಕ್ಕಿ ಹಾಕಿಕೊಟ್ಟಿದ್ದೇನೆ ಅನ್ನುವ ಹಾಗೆ.

ನಾನು ಈ ಹುಚ್ಚಿಗೆ ಬಿದ್ದದ್ದು ಜನ್ಮನಕ್ಷತ್ರಗಳಿಗಾಗಿ ಅಲ್ಲ. ದೂರದ ಧೂಳುಮೋಡಗಳು, ಬೇರೆ ಗ್ಯಾಲಕ್ಸಿಗಳು, ಅವುಗಳ ಆಸೆಗೆ. ಆದರೆ ಮಗಳ ಹುಟ್ಟುಹಬ್ಬಕ್ಕೆಂದು ಒಮ್ಮೆ ಕೃತ್ತಿಕೆಯ ನೀಲಿ ಗೊಂಚಲನ್ನು ತೆಗೆದು, ಕಟ್ಟು ಹಾಕಿಸಿ, ನಮ್ಮ ಕೂಕಟ್‌ಪಲ್ಲಿ ಫ್ಲ್ಯಾಟಿನಲ್ಲಿ ಹಾಲಿನಿಂದ ಅಡುಗೆಮನೆಗೆ ಹೋಗುವ ದಾರಿಯ ಗೋಡೆಗೆ ನೇತು ಹಾಕಿದೆ. ಮರುದಿನ ನೋಡಿದರೆ ಗಾಜಿನ ಮೇಲೆ ಕುಂಕುಮ. ನಮ್ಮವ್ವನ ಕೆಲಸ. ಅವ್ವನಿಗೆ ಎಂಬತ್ತು ದಾಟಿದೆ, ಸ್ನಾನವಾದ ಮೇಲೆ ದೇವರ ಮನೆಯಿಂದ ಹೊರಗೆ ಬಂದವಳು ಅದಕ್ಕೂ ಕೈ ಮುಗಿದಿದ್ದಳು. "ನಕ್ಷತ್ರ ಅಂದ್ರ ದೇವತಿ ಅಲ್ಲೇನೋ" ಅಂದಳು. ನಾನು ಒದ್ದೆ ಬಟ್ಟೆಯಿಂದ ಒರೆಸಿದೆ, ಅವಳು ಮತ್ತೆ ಹಚ್ಚಿದಳು. ಕೊನೆಗೆ ಒರೆಸುವುದನ್ನು ನಾನೇ ಬಿಟ್ಟೆ. ಆ ಗೋಡೆಯ ಫೋಟೋ ಯಾರೋ ವಾಟ್ಸಾಪಿನ ಕುಟುಂಬದ ಗ್ರೂಪಿಗೆ ಹಾಕಿದರು, ಅಲ್ಲಿಗೆ ನನ್ನ ಗ್ಯಾಲಕ್ಸಿಗಳ ಕಥೆ ಮುಗಿಯಿತು.

ಗೋಡೆಯ ಮೇಲೆ ಒಂದೊಂದಾಗಿ ನಾವೆಲ್ಲ ಏರಿದೆವು. ಅವ್ವನ ಉತ್ತರಾ, ನನ್ನ ಪುನರ್ವಸು, ಮಗಳ ಕೃತ್ತಿಕಾ, ಹೆಂಡತಿಯ ಪೂರ್ವಾಷಾಢ. ಪ್ರತಿಯೊಂದರ ಕೆಳಗೂ ಮಗಳು ಕಂಪ್ಯೂಟರಿನಲ್ಲಿ ಅಚ್ಚು ಹಾಕಿದ ಹೆಸರಿನ ಚೀಟಿ. ತನ್ನ ಚಿತ್ರವನ್ನು ನಾನು ತಂದುಕೊಟ್ಟ ದಿನ ಹೆಂಡತಿ "ಛಲೋ ಬಂದೈತ್ರಿ" ಎಂದು ಹೇಳಿ ಒಲೆಯ ಕಡೆ ತಿರುಗಿದಳು. ಅಷ್ಟೇ. ನನಗೆ ಸಿಟ್ಟು ಬಂತು, ಆದರೆ ಅವಳ ಸ್ವಭಾವವೇ ಹಾಗೆ ಎಂದು ಸುಮ್ಮನಾದೆ.

ಹೀಗೆ ಬೇಡಿದವರಿಗೆಲ್ಲ ಮಾಡಿಕೊಡುತ್ತ ಹೋದದ್ದರಲ್ಲಿ ಇಪ್ಪತ್ತಾರು ನಕ್ಷತ್ರಗಳು ಮುಗಿದೇ ಹೋದವು. ಉಳಿದದ್ದು ಮೂಲಾ ಒಂದೇ. ಯಾಕೆಂದರೆ ಅದನ್ನು ಯಾರೂ ಕೇಳಿರಲಿಲ್ಲ. ಇಷ್ಟು ದೊಡ್ಡ ಬಳಗದಲ್ಲಿ ಆ ನಕ್ಷತ್ರದ ದಿನ ಒಂದು ಹೆಣ್ಣು ಕೂಡ ಹುಟ್ಟಿಲ್ಲವೇ? ಹುಟ್ಟಿರುತ್ತಾರೆ, ಹೇಳುವುದಿಲ್ಲ. ಮೂಲಾ ನಕ್ಷತ್ರದ ಸೊಸೆ ಮನೆಗೆ ಬಂದರೆ ಮಾವ ಉಳಿಯುವುದಿಲ್ಲ ಎಂದು ನಮ್ಮ ಕಡೆ ಈಗಲೂ ನಂಬುತ್ತಾರೆ. ಜಾತಕದಲ್ಲಿ ಆ ಹೆಸರು ಕಂಡರೆ ಗಂಡಿನ ಕಡೆಯವರು ಕೊಟ್ಟ ಚಹಾ ಕುಡಿಯದೆ ಏಳುತ್ತಾರೆ. ನಾನು ಇದನ್ನೆಲ್ಲ ಊಟದ ಹೊತ್ತಿಗೆ ಹೇಳಿ ನಗಾಡಿದ್ದೆ. ಮಗಳೂ ನಕ್ಕಳು. ಹೆಂಡತಿ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಮೂಲಾ ಇರುವುದು ದಕ್ಷಿಣದ ತಗ್ಗಿನಲ್ಲಿ, ವೃಶ್ಚಿಕದ ಬಾಲದ ತುದಿಯಲ್ಲಿ. ನಮ್ಮ ಟೆರೇಸಿನಿಂದ ದಕ್ಷಿಣಕ್ಕೆ ನೋಡಿದರೆ ಮಾದಾಪುರ. ಅಲ್ಲಿಯ ಆಫೀಸುಗಳು ರಾತ್ರಿಯಿಡೀ ಹಚ್ಚಿಡುವ ದೀಪಕ್ಕೆ ಆ ಕಡೆಯ ಆಕಾಶ ಹಾಲು ಹಾಕಿದ ಚಹಾದ ಬಣ್ಣಕ್ಕೆ ಬಂದಿರುತ್ತದೆ. ನನ್ನ ಮಗಳೂ ಅಲ್ಲೇ ಕೆಲಸ ಮಾಡುವುದು, ಆದ್ದರಿಂದ ಬೈಯುವ ಹಾಗೂ ಇಲ್ಲ. ಮೂಲಾ ಬೇಕೆಂದರೆ ವಿಕಾರಾಬಾದ್ ದಾಟಿ ತಾಂಡೂರಿನ ಕಡೆ ಹೋಗಬೇಕು. ಅಲ್ಲಿ ನನ್ನ ಸಹೋದ್ಯೋಗಿಯೊಬ್ಬನ ಅಣ್ಣನ ತೊಗರಿ ಹೊಲವಿದೆ, ಹೊಲದಲ್ಲೊಂದು ಪಂಪಿನ ಕೋಣೆ, ಅದರ ಮುಂದೆ ಕಟ್ಟೆ. ಪ್ರತಿ ಸಲ ಆ ಸಹೋದ್ಯೋಗಿಯೂ ನಾನೂ ಕೂಡಿ ಹೋಗುತ್ತಿದ್ದೆವು. ಈ ಬೇಸಿಗೆಯಲ್ಲಿ ಅವನಿಗೆ ಮೊಣಕಾಲಿನ ಆಪರೇಷನ್ ಆಗಿ ಮಲಗಿದ್ದ.

ನಿಜ ಹೇಳಬೇಕೆಂದರೆ ನನಗೂ ಸಾಕಾಗಿತ್ತು. ಆಕಾಶ ನೋಡಿ ನೋಡಿ ಬೇಸರ ಬಂದವನು ನಾನೊಬ್ಬನೇ ಇರಬೇಕು. ಆದರೂ ಇಪ್ಪತ್ತಾರಕ್ಕೆ ನಿಲ್ಲಿಸುವುದು ನನ್ನಂಥ ಅಳೆಯುವ ಕೆಲಸದವನಿಂದ ಆಗುವುದಿಲ್ಲ. ಇದೊಂದು ಮುಗಿಸಿ ಯಂತ್ರ, ಟ್ರೈಪಾಡ್ ಎಲ್ಲ ಮಂಚದ ಕೆಳಗೆ ತಳ್ಳಿಬಿಡುತ್ತೇನೆ ಅಂದುಕೊಂಡೆ. ಒಬ್ಬನೇ ಹೋಗುತ್ತೇನೆ ಎಂದಾಗ ಮಗಳು ಜಗಳ ತೆಗೆದಳು. ಕಡೆಗೆ ಹೆಂಡತಿ "ನಾ ಬರ್ತೀನಿ" ಅಂದಳು. ಇಷ್ಟು ವರ್ಷದಲ್ಲಿ ಅವಳು ಒಮ್ಮೆಯೂ ಬಂದವಳಲ್ಲ.

"ಅಮಾಸಿ ದಿನ ಸೊಸೀನ್ನ ಕರಕೊಂಡು ಹೊಲಕ್ಕ ಹೊಂಟೀಯೇನೋ?" ಎಂದು ಅವ್ವ ಗದರಿದಳು. ಚಂದ್ರನಿಲ್ಲದ ದಿನವೇ ಹೋಗಬೇಕು ಎಂದು ಅವಳಿಗೆ ವಿವರಿಸಿ ವಿವರಿಸಿ ಬಾಯಿ ನೋವು ಬಂದಿದೆ. ಅವ್ವನ ಜೊತೆಗೆ ಮಗಳನ್ನು ಬಿಟ್ಟು, ರೊಟ್ಟಿ, ಶೇಂಗಾ ಚಟ್ನಿ, ನೀರಿನ ಕ್ಯಾನು ತುಂಬಿಕೊಂಡು ಮಧ್ಯಾಹ್ನವೇ ಹೊರಟೆವು.

ಹೊಲ ಬೇಸಿಗೆಗೆ ಬಿರುಕು ಬಿಟ್ಟಿತ್ತು. ಕತ್ತಲಾಗುವ ಹೊತ್ತಿಗೆ ಎಲ್ಲವನ್ನೂ ಹೊಂದಿಸಿಟ್ಟು ಕಾದೆವು. ಆಕಾಶದ ಚೇಳು ಮೇಲೇರಿ, ಬಾಲ ಪೂರ್ತಿ ಹೊರಗೆ ಬಂದ ಮೇಲೆ ಕ್ಯಾಮೆರಾ ತನ್ನ ಪಾಡಿಗೆ ಕೆಲಸ ಶುರು ಮಾಡಿತು. ಆಮೇಲೆ ನನಗೇನೂ ಕೆಲಸವಿಲ್ಲ, ಕೂತಿರುವುದಷ್ಟೇ. ಸೊಳ್ಳೆಬತ್ತಿ ಹಚ್ಚಿ ಕಟ್ಟೆಯ ಮೇಲೆ ಕಾಲು ಚಾಚಿದೆ.

"ಈಗ ಎಲ್ಲೆ ನೋಡಾಕತ್ತೈತ್ರಿ ಅದು?" ಎಂದು ಹೆಂಡತಿ ಕ್ಯಾಮೆರಾದ ಕಡೆ ಕೈ ಮಾಡಿದಳು.

"ಮೂಲಾ. ಅದೊಂದ ಉಳದಿತ್ತಲ್ಲ."

ಅವಳಿಗೆ ಇದು ಮೊದಲೇ ಗೊತ್ತಿತ್ತು ಅಂತ ನನಗೆ ಈಗ ಅನ್ನಿಸುತ್ತದೆ. ಗೊತ್ತಿದ್ದೇ ಬಂದಿದ್ದಳು. ಎಲ್ಲಿದೆ ತೋರಿಸಿ ಅಂದಳು. ಬಾಲದ ತುದಿಯಲ್ಲಿ ಒತ್ತೊತ್ತಾಗಿ ಕೂತಿರುವ ಎರಡು ಚುಕ್ಕಿಗಳನ್ನು ತೋರಿಸಿದೆ. ಅವುಗಳ ಹಿಂದೆ ಆಕಾಶಗಂಗೆ ಆ ಭಾಗದಲ್ಲಿ ಅತಿ ದಟ್ಟವಾಗಿ ಇರುತ್ತದೆ. ನಮ್ಮ ಗ್ಯಾಲಕ್ಸಿಯ ನಡುಭಾಗ ಇರುವುದು ಆ ದಿಕ್ಕಿನಲ್ಲೇ. ಇದನ್ನೆಲ್ಲ ನಾನು ಪಾಠದ ಹಾಗೆ ಹೇಳುತ್ತ ಹೋದೆ. ಅವಳು ಕತ್ತೆತ್ತಿ ನೋಡುತ್ತಲೇ ಇದ್ದಳು.

"ಅದು ನಂದ್ರಿ" ಅಂದಳು.

"ಏನು ನಿಂದು?"

"ನಕ್ಷತ್ರ. ನಂದು ಪೂರ್ವಾಷಾಢ ಅಲ್ಲ. ಮೂಲಾ."

ನನ್ನ ಬುದ್ಧಿ ನೋಡಿ, ಮೊದಲು ಹೊಳೆದದ್ದು ಹಾಗಾದರೆ ಗೋಡೆಯ ಮೇಲಿನ ಚಿತ್ರ ತಪ್ಪಾಯಿತಲ್ಲ ಅನ್ನುವುದು. ಆಮೇಲೆ ನಕ್ಕೆ. "ಇಷ್ಟಕ್ಕೇನ ಇಷ್ಟ ದೂರ ಬಂದೀ?" ಅಂದೆ. ಅವಳು ನಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡದ್ದು ಕತ್ತಲಲ್ಲೂ ತಿಳಿಯಿತು.

ಅವಳು ಹುಟ್ಟಿದ್ದು ರಾತ್ರಿ. ಮರುದಿನ ಮಧ್ಯಾಹ್ನ ಹುಟ್ಟಿದಳು ಎಂದು ಬರೆಸಿದರೆ ಅಷ್ಟರಲ್ಲಿ ಚಂದ್ರ ಮೂಲಾ ದಾಟಿ ಪೂರ್ವಾಷಾಢಕ್ಕೆ ಬಂದಿರುತ್ತಾನೆ. ನಮ್ಮ ಮಾವನವರು ಮಾಡಿಸಿದ್ದು ಅಷ್ಟೇ. ಶಾಲೆಯಲ್ಲಿ ಹೇಗೂ ಆಗಿನ ಕಾಲದ ಎಲ್ಲ ಮಕ್ಕಳ ಹಾಗೆ ಜೂನ್ ಒಂದು ಎಂದು ಬರೆದಿದ್ದರು, ಯಾರು ತಾಳೆ ನೋಡಬೇಕು? ಮದುವೆಗೆ ಮುಂಚೆ ಅವಳ ಅವ್ವ ಒಳಗೆ ಕರೆದು, ಈ ಮಾತು ಸಾಯುವ ತನಕ ಬಾಯಿ ಬಿಡಬೇಡ ಎಂದು ಆಣೆ ಹಾಕಿಸಿಕೊಂಡಿದ್ದಳಂತೆ. ಇವಳು ಹೂಂ ಅಂದಿದ್ದಳು. ನಮ್ಮ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ, ನಮ್ಮಪ್ಪ ಹೋದ.

ಅಪ್ಪ ಬೇಗಂ ಬಜಾರಿನ ಒಂದು ಸಗಟು ಕಿರಾಣಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ. ನಾವು ಆಗ ಅಲ್ಲೇ ಹಿಂದಿನ ಗಲ್ಲಿಯಲ್ಲಿ ಬಾಡಿಗೆಗೆ ಇದ್ದೆವು. ಒಂದು ಬೇಸಿಗೆಯ ಮಧ್ಯಾಹ್ನ ಎದೆ ಉರಿಯುತ್ತದೆ ಎಂದು ಅಂಗಡಿಯಿಂದ ಬೇಗ ಮನೆಗೆ ಬಂದ. ಅವ್ವ ಪಿತ್ತ ಎಂದು ಅಜವಾನದ ನೀರು ಕುದಿಸಿ ಕೊಟ್ಟು ಮಲಗಿಸಿದಳು. ದೀಪ ಹಚ್ಚುವ ಹೊತ್ತಿಗೆ ಎಬ್ಬಿಸಲು ಹೋದರೆ ಏಳಲಿಲ್ಲ. ನಾನು ಆಗ ಕಾರ್ಖಾನೆಯಲ್ಲಿದ್ದೆ.

ಇದರಲ್ಲಿ ನಕ್ಷತ್ರದ ಮಾತೇನು ಬಂತು ಎಂದು ನಾನು ಕಟ್ಟೆಯ ಮೇಲೆ ಕೂತು ವಾದ ಮಾಡಿದೆ. ಅಪ್ಪ ದಿನಕ್ಕೆಷ್ಟು ಬೀಡಿ ಸೇದುತ್ತಿದ್ದ, ಮಿರ್ಚಿ ಭಜಿ ಎಷ್ಟು ತಿನ್ನುತ್ತಿದ್ದ, ಅವನ ಅಣ್ಣನೂ ಎದೆಯ ರೋಗದಿಂದಲೇ ಸತ್ತ, ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡಳು.

"ಅದೆಲ್ಲ ನನಗೂ ತಿಳೀತದ್ರಿ" ಅಂದಳು. "ಮಾವ ಹೋದಾಗ ಮನಿ ತುಂಬ ಮಂದಿ. ಹೊಸಾ ಸೊಸೀದು ನಕ್ಷತ್ರ ಯಾವುದು ಅಂತ ಎಲ್ಲಾರೂ ಕೇಳಾವ್ರ. ಅತ್ತಿ ಗಂಡನ್ನ ಕಳಕೊಂಡು ಮೂಲ್ಯಾಗ ಕುಂತಾರ. ಅಂಥಾದರಾಗೂ ಎದ್ದ ಬಂದು, ನಮ್ಮ ಸೊಸೀದು ಪೂರ್ವಾಷಾಢ, ಅಕೀಗೆ ಯಾರರ ಒಂದ್ ಮಾತ ಅಂದ್ರ ನೋಡ್ರಿ ಮತ್ತ, ಅಂದ್ರು. ನನ್ನ ಮೈಮ್ಯಾಲ ಕೈ ಇಟ್ಟು ಅಂದ್ರು. ಆವತ್ತಿಂದ ಇವತ್ತಿನ ತನಕ ಅವರು ನನಗ ಹಚ್ಚಿದ ಜೀವ ಎಲ್ಲಾ ಸುಳ್ಳಿನ ಮ್ಯಾಲ ಬಂದದ್ದು ಅನಸ್ತದ."

ಅವ್ವ ಮತ್ತು ಅವಳು ನಿಜಕ್ಕೂ ಒಬ್ಬರಿಗೊಬ್ಬರು ಅಂಟಿಕೊಂಡವರು. ನನ್ನ ಮೇಲೆ ಸಿಟ್ಟು ಬಂದರೆ ಇಬ್ಬರೂ ಒಂದಾಗಿ ನನ್ನನ್ನು ಬೈಯುವಷ್ಟು. ಮೂವತ್ತು ವರ್ಷ ಅವಳು ಅವ್ವ ಹಾಕಿದ ಪ್ರತಿ ತುತ್ತನ್ನೂ ತನ್ನದಲ್ಲ ಎಂದುಕೊಂಡು ಉಂಡಿದ್ದಾಳೆ. ನನಗೆ ಅಪ್ಪನ ಮೇಲೆ, ಮಾವನವರ ಮೇಲೆ, ಪಂಚಾಂಗದ ಮೇಲೆ, ಎಲ್ಲದರ ಮೇಲೂ ಕೋಪ ಬಂತು. ಕೋಪಕ್ಕಿಂತ ಹೆಚ್ಚಾಗಿ ದಣಿವಾಯಿತು.

ಚಿತ್ರಗಳೆಲ್ಲ ಮುಗಿದ ಮೇಲೆ ನಾನು ಲೆನ್ಸಿಗೆ ಮುಚ್ಚಳ ಹಾಕಿ ಮತ್ತೆ ಗುಂಡಿ ಒತ್ತಿದೆ. ಮುಚ್ಚಿದ ಮೇಲೆ ಏನು ತೆಗೆಯುತ್ತೀರಿ ಎಂದು ಅವಳು ಕೇಳಿದಳು. ಕ್ಯಾಮೆರಾ ಬಿಸಿಯಾದಾಗ ತಾನೇ ಒಂದಿಷ್ಟು ಸುಳ್ಳು ಚುಕ್ಕಿ ಹುಟ್ಟಿಸುತ್ತದೆ, ಕತ್ತಲೆಯನ್ನೇ ತೆಗೆದರೆ ಆ ಸುಳ್ಳು ಯಾವುದು ಎಂದು ತಿಳಿಯುತ್ತದೆ, ಆಮೇಲೆ ಅಷ್ಟನ್ನು ಕಳೆದುಬಿಡಬಹುದು ಅಂದೆ. "ಹಂಗೇನು" ಅಂದಳು. ವಾಪಸ್ಸು ಬರುವಾಗ ವಿಕಾರಾಬಾದಿನ ತಿರುವುಗಳಲ್ಲಿ ಅವಳು ನಿದ್ದೆ ಮಾಡಿದಳು.

ಮುಂದಿನ ಭಾನುವಾರ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಪೇರಿಸುವ ಕೆಲಸಕ್ಕೆ ಕೂತೆ. ಹೊರಗೆ ಬಿಸಿಲು, ಕೂಲರ್ ಬುಸುಗುಡುತ್ತಿತ್ತು. ಅವ್ವ ಒಳಗೆ ಮಲಗಿದ್ದಳು. ಹೆಂಡತಿ ಮೆಂತ್ಯದ ಸೊಪ್ಪು ತಂದು ನನ್ನ ಪಕ್ಕದಲ್ಲೇ ಬಿಡಿಸುತ್ತ ಕೂತಳು. ಮೊದಲು ಪರದೆಯ ಮೇಲೆ ಬರೀ ಕಪ್ಪು, ಒಂದಿಷ್ಟು ಚುಕ್ಕಿ. ಪೇರಿಸಿದ ಮೇಲೆ ಕಪ್ಪಿನಲ್ಲಿ ಅಡಗಿದ ಬೆಳಕನ್ನು ಸ್ವಲ್ಪ ಸ್ವಲ್ಪವೇ ಎತ್ತುತ್ತ ಹೋದೆ. ಎತ್ತಿದ ಹಾಗೆಲ್ಲ ಹಿಂದಿನಿಂದ ಇನ್ನಷ್ಟು ನಕ್ಷತ್ರ ಬಂದವು. ಕಪ್ಪೆಂದುಕೊಂಡಿದ್ದ ಜಾಗವೇ ಇಲ್ಲ, ಎಲ್ಲ ನಕ್ಷತ್ರ. ನಡುನಡುವೆ ಕೆಂಪು ಮೋಡದ ತುಣುಕುಗಳು, ಎರಡು ಕಡೆ ಚುಕ್ಕಿಗಳ ಗೊಂಚಲು. ಇಷ್ಟು ವರ್ಷದಲ್ಲಿ ನಾನು ತೆಗೆದದ್ದರಲ್ಲಿ ಅತ್ಯಂತ ಒಳ್ಳೆಯ ಚಿತ್ರ ಅದು. ಯಾರೂ ಕೇಳದೆ ಇದ್ದ ನಕ್ಷತ್ರದ ಹಿಂದೆ ಇಷ್ಟೊಂದು ತುಂಬಿತ್ತು.

ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು. "ಇದರಾಗ ಮೂಲಾ ಯಾವುದ್ರಿ?"

ಆ ಎರಡು ಚುಕ್ಕಿ ತೋರಿಸಿದೆ. ಆದರೆ ನೀನು ಹುಟ್ಟಿದ ದಿನ ಚಂದ್ರ ದಾಟಿದ್ದು ಈ ಇಡೀ ಭಾಗವನ್ನು, ಹಾಗೆ ನೋಡಿದರೆ ಎಲ್ಲವೂ ನಿನ್ನವೇ ಅಂದೆ. ಈ ಬೆಳಕು ಅಲ್ಲಿಂದ ಹೊರಟಾಗ ನೀನೂ ಇರಲಿಲ್ಲ, ಅಪ್ಪನೂ ಇರಲಿಲ್ಲ ಎಂದೂ ಹೇಳಿದೆ. ಅದನ್ನು ಅವಳು ಕೇಳಿಸಿಕೊಂಡಳೋ ಇಲ್ಲವೋ. ಪರದೆಯ ಹತ್ತಿರ ಮುಖ ತಂದು, ಈ ಮೂಲೆಯಿಂದ ಆ ಮೂಲೆಗೆ ನೋಡಿದಳು.

"ಇಷ್ಟ ಮಂದ್ಯಾಗ ಮಾವನ್ನ ಒಯ್ದದ್ದು ಯಾವುದಂತ ಹೇಳೂದ್ರಿ?" ಅಂದಳು. ಅಂದು ನಕ್ಕಳು. ಮೆಂತ್ಯದ ದಂಟು ಕೈಯಲ್ಲಿ ಹಿಡಿದುಕೊಂಡು, ಅವ್ವ ಎದ್ದಾಳು ಎಂದು ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನನ್ನ ಬೀಡಿ, ಭಜಿ, ದೊಡ್ಡಪ್ಪನ ಎದೆರೋಗದ ವಾದಕ್ಕೆ ಆಗದ್ದು ಆ ಒಂದು ಪರದೆಗೆ ಆಯಿತು. ನನಗೆ ಎಷ್ಟು ಹಗುರ ಅನ್ನಿಸಿತೆಂದರೆ ಸೊಂಟದ ನೋವು ಕೂಡ ಮರೆತುಹೋಯಿತು.

ಕಟ್ಟು ಹಾಕಿಸಿ ತಂದೆ. ಇನ್ನು ನೇತು ಹಾಕುವ ಪ್ರಶ್ನೆ. ನಾನು ಜಾಣತನ ಮಾಡಿ, ಹೆಸರಿನ ಚೀಟಿ ಬೇಡ, ಸುಮ್ಮನೆ ಆಕಾಶದ ಚಿತ್ರ ಎಂದು ಹಾಕೋಣ ಅಂದೆ. ಪೂರ್ವಾಷಾಢ ಇದ್ದಲ್ಲೇ ಇರಲಿ. ಅವ್ವನಿಗೆ ಈ ವಯಸ್ಸಿನಲ್ಲಿ ಯಾಕೆ?

"ಹೆಸರು ಹಾಕ್ರಿ" ಅಂದಳು ಹೆಂಡತಿ. "ಅತ್ತೀಗೆ ನಾನ ಹೇಳ್ತೀನಿ. ಇನ್ನ ಸುಳ್ಳಿನ ಮ್ಯಾಲ ನನಗ ಅವರ ಕೈಯಿಂದ ಒಂದ್ ತುತ್ತೂ ಬ್ಯಾಡ. ನನ್ನ ಕೈಯಾಗಿನ ನೀರ ಕುಡಿಯೂದಿಲ್ಲ ಅಂದ್ರೂ ಅನ್ಲಿ."

ಅವಳು ಹೆದರಿದ್ದಳು. ಆ ಎರಡು ದಿನ ಸಾರಿಗೆ ಉಪ್ಪು ಹೆಚ್ಚಾಯಿತು, ಹಾಲು ಉಕ್ಕಿತು. ಚೀಟಿ ಅಚ್ಚು ಹಾಕಲು ಮಗಳಿಗೆ ಹೇಳಲೇಬೇಕಾಯಿತು. ಅವಳು ಎಲ್ಲ ಕೇಳಿ, "ಮಮ್ಮಿ, ಅಂದ್ರ ನೀ ಫೇಕ್ ಐಡಿ ಮ್ಯಾಲ ಮದವಿ ಆಗೀಯೇನ?" ಎಂದು ಬಿದ್ದು ಬಿದ್ದು ನಕ್ಕಳು. ಅವರಮ್ಮನಿಗೆ ಅದು ನಗುವ ಮಾತಾಗಿರಲಿಲ್ಲ. ಅವ್ವನ ಜೊತೆ ಮೂವತ್ತು ವರ್ಷದ ಬಾಳು ಒಂದು ಮಾತಿಗೆ ಹೋಗುತ್ತದೋ ಉಳಿಯುತ್ತದೋ ಎಂದು ಅವಳಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಅವ್ವ ಒಳ್ಳೆಯವಳು, ಆದರೆ ಅವ್ವ ಪಂಚಾಂಗ ನೋಡದೆ ಬಸ್ಸು ಹತ್ತಿದವಳಲ್ಲ.

ಬೆಳಗ್ಗೆ ಅವ್ವನ ಸ್ನಾನ ಮುಗಿಯುವ ಮೊದಲು ಪೂರ್ವಾಷಾಢ ಇಳಿಸಿ, ಆ ಮೊಳೆಗೇ ಮೂಲಾ ಹಾಕಿದೆ. ಕಾರ್ಖಾನೆಗೆ ತಡವಾಗುತ್ತದೆ ಎಂದು ಫೋನು ಮಾಡಿ ತಿಳಿಸಿದೆ. ಅವ್ವ ಒದ್ದೆ ತಲೆಗೂದಲಿಗೆ ಟವೆಲ್ ಸುತ್ತಿಕೊಂಡು ಬಂದವಳು ಹೊಸ ಚಿತ್ರದ ಮುಂದೆ ನಿಂತಳು. ಕಣ್ಣಿನ ಆಪರೇಷನ್ ಆದ ಮೇಲೆ ಅವಳಿಗೆ ಅಕ್ಷರ ಚೆನ್ನಾಗಿ ಕಾಣುತ್ತದೆ. ಚೀಟಿಯನ್ನು ಬೆರಳಿಟ್ಟು ಓದಿದಳು.

"ಇದ್ಯಾರದೋ? ಸೊಸೀದೆಲ್ಲಿ ಹೋತು?"

ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದಳು. ಕೈಯಲ್ಲಿ ಹಿಟ್ಟು ಹಾಗೇ ಇತ್ತು. "ನಂದ ಅದು ಅತ್ತಿ. ನಂದು ಮೂಲಾ. ನಮ್ಮಪ್ಪ ಸುಳ್ಳ ಹೇಳಿ ಕೊಟ್ಟಿದ್ದ."

ಅವ್ವ ಗೋಡೆಗೆ ಕೈ ಕೊಟ್ಟಳು. ನಾನು ಹೋಗಿ ಕುರ್ಚಿ ತಂದು ಕೂರಿಸಿದೆ. ಕುಕ್ಕರ್ ಕೂಗಿತು, ಯಾರೂ ಹೋಗಿ ಆರಿಸಲಿಲ್ಲ. ನಾನು ಜಗಳಕ್ಕೆ ತಯಾರಾಗಿಯೇ ನಿಂತಿದ್ದೆ. ಒಂದು ಕೆಟ್ಟ ಮಾತು ಬರಲಿ, ಅಪ್ಪನ ಬೀಡಿಯಿಂದ ಹಿಡಿದು ಎಲ್ಲ ತೆಗೆಯುತ್ತೇನೆ, ನಕ್ಷತ್ರ ಎಂದರೆ ಏನು, ಎಷ್ಟು ದೂರ, ಅದಕ್ಕೂ ನಮಗೂ ಏನು ಸಂಬಂಧ, ಎಲ್ಲ ಹೇಳುತ್ತೇನೆ ಎಂದು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದೆ.

ಅವ್ವ ಚೀಟಿಯ ಕಡೆ ನೋಡಿದಳು. "ಮೂಲಾ" ಎಂದು ಇನ್ನೊಮ್ಮೆ ಅಂದಳು. ಆಮೇಲೆ, "ಹಂಗಾರ ಅದು ನನ್ನಿಂದ ಅಲ್ಲ" ಅಂದಳು.

ನಮಗಿಬ್ಬರಿಗೂ ಅರ್ಥವಾಗಲಿಲ್ಲ.

"ಆವತ್ತ ಅವರು ಡಾಕ್ಟರ್ ಕಡೆ ಹೋಗೂಣು ಅಂದ್ರು. ಎರಡ ಸಲ ಅಂದ್ರು. ನಾನ, ಪಿತ್ತಕ್ಕ ಯಾರರ ಡಾಕ್ಟರ್ ಕಡೆ ಹೊಕ್ಕಾರೇನ್ರಿ, ಬಿಸಿಲು ಇಳೀಲಿ, ಮಲಕ್ಕೋರಿ ಅಂದೆ. ಬಿಸಿಲು ಇಳಿಯೂದರಾಗ..." ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಎಲ್ಲಾರೂ ಸೊಸಿ ನಕ್ಷತ್ರ ಕೇಳಿದ್ರು. ನಿಂದು ಛಲೋ ಇತ್ತು. ಹಂಗಾರ ಮತ್ಯಾರಿಂದ ಆತು? ನನ್ನಿಂದ. ದಿನಾ ಮಧ್ಯಾಹ್ನ ಮಲಗಿದ್ರ ಅದ ಕಣ್ಣಮುಂದ ಬರ್ತದ ಯವ್ವಾ. ನಾನ ಕೊಂದೆ ಅಂತ." ಹೆಂಡತಿಯ ಹಿಟ್ಟಿನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. "ಮೂಲಾ ಇದ್ರ ಮಾವ ಉಳಿಯೂದಿಲ್ಲಲ್ಲ? ಡಾಕ್ಟರ್ ಕಡೆ ಒಯ್ದಿದ್ರೂ ಉಳೀತಿದ್ದಿಲ್ಲ. ಹೌದಿಲ್ಲೋ? ನೀ ಹೇಳು."

ಅವಳು ನಿಜವಾಗಿ ಕೇಳುತ್ತಿದ್ದಳು. ಮುದುಕಿ ಆ ಮಾತಿಗಾಗಿ ಇಷ್ಟು ವರ್ಷ ಕಾದಿದ್ದಳು ಅನ್ನುವುದು ಮುಖದಲ್ಲೇ ಇತ್ತು. ನಾನು ಬಾಯಿ ತೆರೆದೆ. ನಕ್ಷತ್ರದಿಂದ ಏನೂ ಆಗುವುದಿಲ್ಲ ಅವ್ವಾ ಎಂದು ಹೇಳಬೇಕಾಗಿತ್ತು. ಹಾಗೆ ಹೇಳಿದರೆ ಬಿಸಿಲು ಇಳಿಯಲಿ ಅನ್ನುವ ಮಾತೊಂದೇ ಉಳಿಯುತ್ತದೆ. ಬೀಡಿ, ಭಜಿ ಎಂದು ಅವಳಿಗೆ ನಾನು ಹಿಂದೆಯೂ ಹೇಳಿದ್ದೇನೆ, ಅದು ಅವಳ ಒಳಗೆ ಇಳಿದಿಲ್ಲ ಎಂದು ಈಗ ಗೊತ್ತಾಯಿತು. ಹೆಂಡತಿ ನನ್ನ ಕಡೆ ಒಮ್ಮೆ ನೋಡಿದಳು, ಸುಮ್ಮನಿರಿ ಎನ್ನುವ ಹಾಗೆ.

"ಹೌದ್ರಿ ಅತ್ತಿ" ಅಂದಳು. "ಉಳೀತಿದ್ದಿಲ್ಲ. ನೀವು ಒಯ್ದಿದ್ರೂ ಉಳೀತಿದ್ದಿಲ್ಲ. ನನ್ನಿಂದ ಆಗಿದ್ದು ಅದು."

ಅವ್ವ ಅತ್ತಳು. ಅಪ್ಪ ಹೋದಾಗ ಅತ್ತದ್ದನ್ನು ನಾನು ನೋಡಿದ್ದೇನೆ, ಇದು ಅಂಥ ಅಳುವಲ್ಲ. ಮುಗಿದ ಮೇಲೆ ಮೂಗು ಒರೆಸಿಕೊಂಡು, "ನಿಂದೇನ ತಪ್ಪು ಇದರಾಗ, ಹುಟ್ಟೂದು ನಮ್ಮ ಕೈಯಾಗ ಐತೇನು" ಎಂದು ಸೊಸೆಯ ಗಲ್ಲ ಮುಟ್ಟಿದಳು. ಒಂದು ಕಪ್ ಚಹಾ ಕೇಳಿದಳು. ಅವತ್ತು ಮಧ್ಯಾಹ್ನ ಎಷ್ಟು ಹೊತ್ತು ಮಲಗಿದಳೆಂದರೆ ಹೆಂಡತಿ ಎರಡು ಸಲ ಹೋಗಿ ಉಸಿರಾಟ ನೋಡಿ ಬಂದಳಂತೆ.

ಅವ್ವ ಕೆಟ್ಟವಳಲ್ಲ. ಆದರೆ ಹೊಟ್ಟೆಯಲ್ಲಿ ಮಾತು ಇಟ್ಟುಕೊಳ್ಳುವವಳೂ ಅಲ್ಲ. ಅವತ್ತು ಸಂಜೆಯಿಂದಲೇ ಫೋನು ಹಿಡಿದಳು. ಕಲಬುರಗಿಯ ತಂಗಿಗೆ, ಬೀದರಿನ ಬೀಗರಿಗೆ, ನನ್ನ ಸೋದರತ್ತೆಗೆ. "ನಮ್ಮ ಸೊಸೀದು ಮೂಲಾ ಇತ್ತಂತ ನೋಡವ್ವಾ. ಪಾಪ, ಅಕಿ ಏನ ಮಾಡ್ತಾಳ. ನಾ ಏನ ಮಾಡಿದ್ರೂ ಅವರು ಉಳೀತಿದ್ದಿಲ್ಲ." ಪ್ರತಿಯೊಬ್ಬರಿಗೂ ಅದೇ ಮಾತು, ಪ್ರತಿ ಸಲವೂ ಕೊನೆಯ ವಾಕ್ಯದಲ್ಲಿ ದನಿ ಹಗುರಾಗುತ್ತಿತ್ತು. ಅಡುಗೆಮನೆಯಲ್ಲಿ ಹೆಂಡತಿಗೆ ಎಲ್ಲವೂ ಕೇಳುತ್ತಿತ್ತು. ರೊಟ್ಟಿ ಬಡಿಯುವ ಸದ್ದು ಒಮ್ಮೆಯೂ ನಿಲ್ಲಲಿಲ್ಲ. ಆ ವಾರ ಒಂದು ಸೀಮಂತಕ್ಕೆ ಹೋದಾಗ ಬಸುರಿಯ ಅತ್ತೆ ಇವಳನ್ನು ಆರತಿಗೆ ಕರೆಯದೆ ಬೇರೆಯವರನ್ನು ಕರೆದಳು. ನಾನು ಕಣ್ಣಾರೆ ನೋಡಿದೆ.

ಮನೆಗೆ ಬಂದು ಬಾಗಿಲು ಹಾಕಿಕೊಂಡು ನಾನು ಕೂಗಾಡಿದೆ. ಇಷ್ಟು ವರ್ಷ ಹೊತ್ತದ್ದು ಇಳಿದೇ ಹೋಗಿತ್ತಲ್ಲ, ಆ ಭಾನುವಾರ ನಕ್ಕಿದ್ದು ಸುಳ್ಳೇ, ಈಗ ಊರೆಲ್ಲ ಕರೆದು ತಲೆಯ ಮೇಲೆ ಇಡಿಸಿಕೊಂಡೆಯಲ್ಲ, ಯಾಕೆ ಹಾಗಂದೆ ಎಂದು ಕೇಳಿದೆ.

ಅವಳು ಸೀರೆ ಮಡಚುತ್ತಿದ್ದಳು. ಅಂಚಿಗೆ ಅಂಚು ಹೊಂದಿಸಿ, ಹಾಸಿಗೆಯ ಮೇಲೆ ಇಟ್ಟು, ಆಮೇಲೆ ಹೇಳಿದಳು.

"ಅದು ಸುಳ್ಳು ಅಂತ ನನಗ ಗೊತ್ತಾಗೇತ್ರಿ. ಗೊತ್ತಿದ್ದಾಕೀಗೆ ಅದೇನ ಭಾರ? ಅತ್ತೀಗೆ ಗೊತ್ತಾಗೂದಿಲ್ಲ. ಆ ಭಾರ ಅವರ ಕಡೆ ಹೆಂಗ ಬಿಡ್ಲಿ?"